ಅಕಾಲ ನಿರ್ಗಮನ: ಸರ್ವರ್ ಯಂತ್ರದಲ್ಲಿ ಶೆಲ್ ತಾನಾಗಿ ಮುಚ್ಚಿಕೊಳ್ಳುವುದರ ಕಾರಣವಿಚಾರ

ಒಂದು ಕಾಲದಲ್ಲಿ ವಿದ್ಯಾಸಂಸ್ಥೆಯೊಂದರ ದಾಖಲೆಗಳೆಲ್ಲವೂ ಕಬ್ಬಿಣದ ಪೆಟ್ಟಿಗೆಯಲ್ಲಿಯೋ ಮರದ ಬೀರುವಿನಲ್ಲಿಯೋ ಇರುತ್ತಿದ್ದವು. ಪ್ರವೇಶದ ರಿಜಿಸ್ಟರು, ಪರೀಕ್ಷೆಯ ಅಂಕಪಟ್ಟಿ, ಪ್ರಸಾದ ನಿಲಯದ ಲೆಕ್ಕ, ದಾನಿಗಳ ದತ್ತಿನಿಧಿಯ ವಿವರ ಇವೆಲ್ಲವನ್ನೂ ಒಬ್ಬ ಗುಮಾಸ್ತರು ಬೀಗದ ಕೈಯೊಂದಿಗೆ ಕಾಯ್ದುಕೊಂಡಿರುತ್ತಿದ್ದರು. ಈಗ ಆ ಬೀರುವಿನ ಸ್ಥಾನವನ್ನು ಸರ್ವರ್ ಎಂಬ ಗಣಕಯಂತ್ರವು ಆಕ್ರಮಿಸಿದೆ. ಅದು ಶಾಲೆಯ ಕಚೇರಿಯ ಮೂಲೆಯಲ್ಲಿಯೇ ಇರಬಹುದು, ಬೆಂಗಳೂರಿನಲ್ಲಿರಬಹುದು, ಅಥವಾ ಮುಂಬಯಿಯ ಯಾವುದೋ ಕಟ್ಟಡದಲ್ಲಿರಬಹುದು. ಅದನ್ನು ನೋಡಿಕೊಳ್ಳುವವರು ಅದರ ಮುಂದೆ ಕುಳಿತುಕೊಳ್ಳಬೇಕಾಗಿಲ್ಲ. ದೂರದ ತಮ್ಮ ಗಣಕಯಂತ್ರದಿಂದಲೇ ಅದರೊಳಗೆ ಪ್ರವೇಶಿಸಿ, ಕೀಲಿಮಣೆಯಿಂದ ಒಂದೊಂದು ಸಾಲಿನ ಆಜ್ಞೆಗಳನ್ನು ಬರೆದು ಕೆಲಸ ಮಾಡಿಸುತ್ತಾರೆ. ಇಂತಹ ಸಂಸ್ಥೆಗಳಲ್ಲಿ ಓದಿದ ಅನೇಕ ಹಳೆಯ ವಿದ್ಯಾರ್ಥಿಗಳಿಗೆ ಇಂದು ಇದೇ ವೃತ್ತಿಯಾಗಿದೆ.

ಈ ವೃತ್ತಿಯವರನ್ನು ಪದೇ ಪದೇ ಕಾಡುವ ತೊಂದರೆಯೊಂದುಂಟು. ಕೆಲಸ ನಡೆಯುತ್ತಿರುವಾಗಲೇ, ಹೋಗಬೇಕೆಂದು ತಾವು ಹೇಳದಿದ್ದರೂ, ಸರ್ವರ್ ಅವರನ್ನು ಹೊರಕ್ಕೆ ಹಾಕಿಬಿಡುತ್ತದೆ. ಇದನ್ನು ಅಕಾಲ ನಿರ್ಗಮನವೆನ್ನಬಹುದು. ಮೇಲುನೋಟಕ್ಕೆ ಇದು ಅಲ್ಪವಾದ ಕಿರುಕುಳ. ಪುನಃ ಪ್ರವೇಶಿಸಿದರಾಯಿತು ಎಂದು ತೋರಬಹುದು. ಆದರೆ ಒಂದು ಶಾಲೆಯ ಮೂವತ್ತು ವರ್ಷಗಳ ವಿದ್ಯಾರ್ಥಿಗಳ ದಾಖಲೆಗಳನ್ನು ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಸಾಗಿಸುವ ಕೆಲಸ ಅರ್ಧ ಮುಗಿದಿರುವಾಗ ಹೀಗಾಯಿತೆಂದು ಭಾವಿಸೋಣ. ಯಾವ ವಿದ್ಯಾರ್ಥಿಯ ದಾಖಲೆ ಹೋಗಿದೆ, ಯಾರದು ಉಳಿದಿದೆ, ಯಾವುದು ಅರ್ಧಕ್ಕೆ ತುಂಡಾಗಿದೆ ಎಂಬುದನ್ನು ತಿಳಿಯುವುದೇ ಕಷ್ಟವಾದೀತು. ವರ್ಗಾವಣೆ ಪತ್ರಕ್ಕಾಗಿ ಬಾಗಿಲಿಗೆ ಬಂದ ಬಡ ಹುಡುಗನೊಬ್ಬನು ಬರಿಗೈಯಲ್ಲಿ ಹಿಂತಿರುಗಬೇಕಾದೀತು. ಆದುದರಿಂದ ಈ ತೊಂದರೆಯ ಕಾರಣವನ್ನು ಕ್ರಮವಾಗಿ ವಿಚಾರಿಸುವುದು ಯುಕ್ತವಾಗಿದೆ.

ಶೆಲ್ ಎಂಬುದರ ಸ್ವರೂಪ

ಗಣಕಯಂತ್ರದ ಒಡಲಿನಲ್ಲಿದ್ದು ಸ್ಮೃತಿ, ತಟ್ಟೆ, ಜಾಲ ಮೊದಲಾದವುಗಳನ್ನು ಆಳುವ ಮೂಲ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. ಕರ್ನೆಲ್ ಎಂದರೆ ತಿರುಳು. ಅದನ್ನು ಸುತ್ತುವರಿದು, ಮನುಷ್ಯನ ಆಜ್ಞೆಯನ್ನು ಓದಿ, ಅರ್ಥಮಾಡಿಕೊಂಡು ಒಳಕ್ಕೆ ಮುಟ್ಟಿಸುವ ತಂತ್ರಾಂಶವೇ ಶೆಲ್. ಶೆಲ್ ಎಂದರೆ ಚಿಪ್ಪು. ತೆಂಗಿನ ತಿರುಳಿಗೂ ಕರಟಕ್ಕೂ ಇರುವ ಸಂಬಂಧವೇ ಇವೆರಡಕ್ಕೂ ಇರುವುದರಿಂದ ಈ ಹೆಸರುಗಳು ಅನ್ವರ್ಥವಾಗಿವೆ. ಶೆಲ್ ಎಂಬ ಹೆಸರನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ಫ್ರಾನ್ಸ್ ದೇಶದ ಲೂಯಿ ಪೂಜಾನ್ ಅವರು. ಅದು 1960ರ ದಶಕದ ಮಧ್ಯಭಾಗ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ ಯೂನಿಕ್ಸ್ ಹುಟ್ಟಿತು. 1979ರಲ್ಲಿ ಸ್ಟೀಫನ್ ಬೌರ್ನ್ ಅವರ ಶೆಲ್ ಅದರೊಡನೆ ಹೊರಬಂದಿತು. ಅದೇ ಪರಂಪರೆಯಲ್ಲಿ 1989ರಲ್ಲಿ ಬ್ರಯನ್ ಫಾಕ್ಸ್ ಅವರು ರಚಿಸಿದ ಬ್ಯಾಶ್ ಎಂಬುದು ಇಂದಿನ ಲಿನಕ್ಸ್ ಸರ್ವರುಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಶೆಲ್ ಆಗಿದೆ.

ದೂರದಿಂದ ಈ ಶೆಲ್ಲನ್ನು ತಲುಪುವ ದಾರಿಗೆ ಎಸ್‌ಎಸ್‌ಎಚ್ ಎಂದು ಹೆಸರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ತಾತು ಯ್ಲೊನೆನ್ ಅವರು, ಜಾಲದಲ್ಲಿ ಗುಪ್ತಪದಗಳನ್ನು ಕದ್ದು ಓದಿದ ಪ್ರಕರಣವೊಂದರ ತರುವಾಯ ಇದನ್ನು ರಚಿಸಿದರು. ಇಬ್ಬರ ನಡುವೆ ಹರಿಯುವ ಮಾತನ್ನು ಮೂರನೆಯವನು ಓದಲಾಗದಂತೆ ಗೂಢಲಿಪಿಯಲ್ಲಿ ಸಾಗಿಸುವುದು ಇದರ ವಿಶೇಷ. 1999ರಲ್ಲಿ ಹೊರಬಂದ ಓಪನ್ ಎಸ್‌ಎಸ್‌ಎಚ್ ಎಂಬ ಆವೃತ್ತಿಯೇ ಈಗ ಎಲ್ಲೆಡೆ ರೂಢಿಯಲ್ಲಿದೆ.

ಇಷ್ಟನ್ನು ತಿಳಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಪರದೆಯ ಮೇಲೆ ಒಂದೇ ಎಂದು ತೋರುವ ಈ ವ್ಯವಹಾರದಲ್ಲಿ ನಾಲ್ವರು ಪಾಲುಗಾರರಿದ್ದಾರೆ. ಕೆಲಸ ಮಾಡುವವರ ಸ್ವಂತ ಯಂತ್ರ ಒಂದು. ನಡುವಿನ ಜಾಲಮಾರ್ಗ ಎರಡು. ಸರ್ವರಿನ ಶೆಲ್ ಮೂರು. ಆ ಸರ್ವರನ್ನೇ ಆಳುವ ವ್ಯವಸ್ಥೆ, ಎಂದರೆ ಕರ್ನೆಲ್ ಮತ್ತು ಅದರ ಪರಿವಾರ, ನಾಲ್ಕು. ಸಂಬಂಧವನ್ನು ಮುರಿದವರು ಇವರಲ್ಲಿ ಯಾರು ಎಂಬ ಪ್ರಶ್ನೆಯೇ ಸಮಸ್ಯೆಯ ಹೃದಯ. ಅದಕ್ಕೆ ಉತ್ತರ ದೊರೆಯುವ ಮುನ್ನ ಪರಿಹಾರಕ್ಕೆ ಕೈಹಾಕುವುದು ನಾಡಿ ನೋಡದೆ ಮದ್ದು ಕೊಟ್ಟಂತೆ.

ಕೊನೆಯ ಮಾತನ್ನು ಓದುವುದು

ಹೊರಬೀಳುವಾಗ ಪರದೆಯ ಮೇಲೆ ಉಳಿಯುವ ಕೊನೆಯ ಸಾಲನ್ನು ಬಹುಮಂದಿ ಓದದೆಯೇ ಅಳಿಸುತ್ತಾರೆ. ಕಾರಣದ ಅರ್ಧ ಭಾಗ ಅದರಲ್ಲಿಯೇ ಅಡಗಿರುತ್ತದೆ. ‘ಟೈಮ್ಡ್ ಔಟ್ ವೇಟಿಂಗ್ ಫಾರ್ ಇನ್‌ಪುಟ್: ಆಟೋ-ಲಾಗೌಟ್’ ಎಂದಿದ್ದರೆ ಕಾಲಮಿತಿ ಮೀರಿದುದರಿಂದ ಶೆಲ್ ತಾನೇ ಬಾಗಿಲು ಹಾಕಿಕೊಂಡಿದೆ. ಬರಿಯ ‘ಲಾಗೌಟ್’ ಎಂಬ ಪದವಿದ್ದರೆ ನಿರ್ಗಮನದ ಆಜ್ಞೆ ಎಲ್ಲಿಂದಲೋ ಶೆಲ್ಲಿಗೆ ತಲುಪಿದೆ. ಆ ಪದವೂ ಇಲ್ಲದೆ ‘ಕನೆಕ್ಷನ್ ಕ್ಲೋಸ್ಡ್’ ಎಂದಷ್ಟೇ ಇದ್ದರೆ ಶೆಲ್ ಇನ್ನಾವುದೋ ಕಾರಣದಿಂದ ಮುಗಿದಿದೆ. ಅದೇ ಸಾಲಿನ ಕೊನೆಗೆ ‘ಬೈ ರಿಮೋಟ್ ಹೋಸ್ಟ್’ ಎಂದು ಸೇರಿದ್ದರೆ ಸರ್ವರ್ ಸಂಪರ್ಕವನ್ನೇ ಕಡಿದಿದೆ. ‘ಬ್ರೋಕನ್ ಪೈಪ್’ ಎಂದಾಗಲಿ ‘ಕನೆಕ್ಷನ್ ರಿಸೆಟ್ ಬೈ ಪಿಯರ್’ ಎಂದಾಗಲಿ ಇದ್ದರೆ ಮೊದಲು ಸಂದೇಹಿಸಬೇಕಾದುದು ನಡುದಾರಿಯನ್ನು. ಯಾವ ಮಾತೂ ಇಲ್ಲದೆ ಪರದೆ ಕಲ್ಲಿನಂತೆ ನಿಂತುಬಿಟ್ಟಿದ್ದರೆ ಆಗಲೂ ದಾರಿಯ ಮೇಲೆಯೇ ಸಂದೇಹ. ಹೀಗೆ ನಿಂತ ಪರದೆಯಿಂದ ಬಿಡುಗಡೆ ಹೊಂದಲು ಎಂಟರ್ ಕೀಲಿಯನ್ನು ಒತ್ತಿ, ಟಿಲ್ಡೆ ಚಿಹ್ನೆಯನ್ನೂ ಅನಂತರ ಒಂದು ಚುಕ್ಕೆಯನ್ನೂ ಬರೆದರೆ ಸಾಕು.

ಇನ್ನೊಂದು ಸಾಕ್ಷ್ಯವೂ ಉಂಟು. ಹೊರಬಿದ್ದ ಕೂಡಲೇ ಸ್ವಂತ ಯಂತ್ರದಲ್ಲಿ ‘ಎಕೋ’ ಎಂದು ಬರೆದು, ಮುಂದೆ ಡಾಲರ್ ಚಿಹ್ನೆಯನ್ನೂ ಪ್ರಶ್ನಾರ್ಥಕ ಚಿಹ್ನೆಯನ್ನೂ ಜೋಡಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದು 255 ಆಗಿದ್ದರೆ ಸಾಮಾನ್ಯವಾಗಿ ಸಂಪರ್ಕ ಕಡಿದಿದೆ, ಇಲ್ಲವೇ ಶೆಲ್ ಹೊರಗಿನ ಪೆಟ್ಟಿಗೆ ಗುರಿಯಾಗಿದೆ. ಬೇರೆ ಯಾವುದೇ ಸಂಖ್ಯೆಯಾಗಿದ್ದರೆ ಶೆಲ್ ತನ್ನ ವಿಧಿಯಂತೆ ತಾನೇ ಮುಗಿದಿದೆ ಎಂದರ್ಥ.

ಮೊದಲನೆಯ ಕಾರಣ: ಕಾಲಮಿತಿ

ಬ್ಯಾಶ್ ಶೆಲ್ಲಿನಲ್ಲಿ ‘ಟಿ-ಎಂ-ಔಟ್’ ಎಂಬ ಒಂದು ಚರವುಂಟು. ಅದರಲ್ಲಿ 900 ಎಂಬ ಸಂಖ್ಯೆಯಿದ್ದರೆ, ಮುಂದಿನ ಆಜ್ಞೆಗಾಗಿ 900 ಸೆಕೆಂಡು, ಎಂದರೆ 15 ನಿಮಿಷ, ಕಾದು ಶೆಲ್ ಮುಚ್ಚಿಕೊಳ್ಳುತ್ತದೆ. ಟಿಸಿ-ಶೆಲ್ ಎಂಬ ಇನ್ನೊಂದು ಬಗೆಯಲ್ಲಿ ಇದೇ ಕೆಲಸಕ್ಕೆ ‘ಆಟೋಲಾಗೌಟ್’ ಎಂಬ ಹೆಸರಿದ್ದು, ಅಲ್ಲಿ ಎಣಿಕೆ ನಿಮಿಷಗಳಲ್ಲಿ ನಡೆಯುತ್ತದೆ. ಎರಡನ್ನೂ ಒಂದೆಂದು ಭ್ರಮಿಸಿ ಸಂಖ್ಯೆಯನ್ನು ಬರೆದವರು ಪೇಚಿಗೆ ಸಿಕ್ಕುವುದುಂಟು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಈ ಗಡಿಯಾರವು ಶೆಲ್ ಸುಮ್ಮನೆ ಕುಳಿತು ಆಜ್ಞೆಯನ್ನು ಎದುರುನೋಡುತ್ತಿರುವಾಗ ಮಾತ್ರ ಓಡುತ್ತದೆ. ಒಂದು ಆಜ್ಞೆಯ ಕಾರ್ಯ ನಡೆಯುತ್ತಿರುವಾಗ, ಅದು ಎಷ್ಟು ಗಂಟೆಗಳಾದರೂ ಸರಿ, ಗಡಿಯಾರ ನಿಂತಿರುತ್ತದೆ. ಆದುದರಿಂದ ದಾಖಲೆಗಳ ಸಾಗಣೆ ನಡೆಯುತ್ತಿದ್ದಾಗಲೇ ಹೊರಬಿದ್ದವರು ಟಿ-ಎಂ-ಔಟನ್ನು ದೂರುವುದು ನಿರಾಧಾರ. ಅವರು ಬೇರೆಡೆ ಹುಡುಕಬೇಕು. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಹೊರಬಿದ್ದವರು ಇಲ್ಲಿಯೇ ಮೊದಲು ಹುಡುಕಬೇಕು. ‘ಎಕೋ’ ಎಂದು ಬರೆದು ಡಾಲರ್ ಚಿಹ್ನೆಯೊಡನೆ ಆ ಚರದ ಹೆಸರನ್ನು ಬರೆದರೆ ಅದರ ಬೆಲೆ ಕಾಣುತ್ತದೆ. ಅದನ್ನು ಇಟ್ಟ ಸ್ಥಳವು ಬಹುಶಃ ಇಟಿಸಿ ಕೋಶದ ‘ಪ್ರೊಫೈಲ್’ ಕಡತ, ‘ಪ್ರೊಫೈಲ್-ಡಿ’ ಎಂಬ ಉಪಕೋಶ, ಅಥವಾ ಬಳಕೆದಾರರ ಮನೆಕೋಶದ ‘ಬ್ಯಾಶ್-ಆರ್‌ಸಿ’ ಆಗಿರುತ್ತದೆ. ಆಡಳಿತಗಾರರು ಅದನ್ನು ಬದಲಿಸಲಾಗದಂತೆ ಮುದ್ರೆಯೊತ್ತಿ ಇಟ್ಟಿದ್ದರೆ ಬಳಕೆದಾರರು ತಿದ್ದಲಾರರು. ತಿದ್ದಹೊರಟರೆ ‘ರೀಡ್-ಓನ್ಲಿ’ ಎಂಬ ಉತ್ತರ ಬರುತ್ತದೆ.

ಎರಡನೆಯ ಕಾರಣ: ಅರಿಯದೆ ಕೊಟ್ಟ ಅಪ್ಪಣೆ

ಕಂಟ್ರೋಲ್ ಕೀಲಿಯೊಡನೆ ಡಿ ಅಕ್ಷರವನ್ನು ಒತ್ತಿದರೆ ‘ಬರೆಯುವುದು ಮುಗಿಯಿತು’ ಎಂಬ ಸೂಚನೆ ಹೋಗುತ್ತದೆ. ಖಾಲಿ ಸಾಲಿನಲ್ಲಿ ಇದನ್ನು ಪಡೆದ ಶೆಲ್, ಮಾತೇ ಮುಗಿದ ಮೇಲೆ ಇನ್ನೇನೆಂದು ಎದ್ದುಹೋಗುತ್ತದೆ. ಒಂದು ಕಾರ್ಯವನ್ನು ಮುಗಿಸಲೆಂದು ಒಮ್ಮೆ ಒತ್ತುವ ಬದಲು ಎರಡು ಸಾರಿ ಒತ್ತಿದರೆ, ಎರಡನೆಯದು ಶೆಲ್ಲಿಗೇ ತಗಲುತ್ತದೆ. ‘ಇಗ್ನೋರ್-ಇಓಎಫ್’ ಎಂಬ ಚರಕ್ಕೆ 10 ಎಂದು ಬೆಲೆ ಕೊಟ್ಟರೆ, ಮೊದಲ ಹತ್ತು ಒತ್ತುಗಳನ್ನು ಶೆಲ್ ಲೆಕ್ಕಿಸದೆ ಬಿಡುತ್ತದೆ.

ಇದಕ್ಕಿಂತ ಗೂಢವಾದುದು ಆಜ್ಞಾಮಾಲೆಗಳಿಂದ ಬರುವ ತೊಂದರೆ. ಅನೇಕ ಆಜ್ಞೆಗಳನ್ನು ಒಂದು ಕಡತದಲ್ಲಿ ಬರೆದಿಟ್ಟು ಒಮ್ಮೆಗೇ ನಡೆಸುವುದುಂಟು. ಹಾಗೆ ನಡೆಸಲು ಎರಡು ಮಾರ್ಗಗಳಿವೆ. ಹೆಸರು ಹೇಳಿ ನಡೆಸಿದರೆ ಅದಕ್ಕಾಗಿ ಬೇರೊಂದು ಮರಿಶೆಲ್ ಹುಟ್ಟಿ, ಕೆಲಸ ಮುಗಿಸಿ ಲಯವಾಗುತ್ತದೆ. ‘ಸೋರ್ಸ್’ ಎಂಬ ಪದವನ್ನೋ ಒಂದು ಚುಕ್ಕೆಯನ್ನೋ ಮುಂದಿಟ್ಟು ನಡೆಸಿದರೆ ಮರಿಶೆಲ್ ಹುಟ್ಟುವುದಿಲ್ಲ. ತಾವು ಕುಳಿತಿರುವ ಶೆಲ್ಲೇ ಆ ಆಜ್ಞೆಗಳನ್ನು ಒಂದೊಂದಾಗಿ ಪಾಲಿಸುತ್ತದೆ. ಕಡತದಲ್ಲಿ ‘ಎಕ್ಸಿಟ್’ ಎಂಬ ಮಾತಿದ್ದರೆ ಮೊದಲನೆಯ ಮಾರ್ಗದಲ್ಲಿ ಮರಿ ಹೋಗುತ್ತದೆ; ಎರಡನೆಯ ಮಾರ್ಗದಲ್ಲಿ ತಾಯಿಯೇ ಹೋಗುತ್ತದೆ. ಸೋರ್ಸ್ ಮಾಡಬೇಕಾದ ಕಡತಗಳಲ್ಲಿ ‘ಎಕ್ಸಿಟ್’ ಬದಲು ‘ರಿಟರ್ನ್’ ಎಂದು ಬರೆಯುವುದು ಇದಕ್ಕೆ ಪರಿಹಾರ.

ಇನ್ನೂ ವಿಚಿತ್ರವಾದುದು ‘ಸೆಟ್’ ಆಜ್ಞೆಯ ಮುಂದೆ ಒಂದು ಅಡ್ಡಗೆರೆಯನ್ನೂ ಇ ಅಕ್ಷರವನ್ನೂ ಬರೆಯುವ ವಿಧಿ. ‘ಯಾವುದೇ ಆಜ್ಞೆ ವಿಫಲವಾದರೆ ಅಲ್ಲಿಯೇ ನಿಲ್ಲಿಸು’ ಎಂಬುದು ಇದರ ತಾತ್ಪರ್ಯ. ಆಜ್ಞಾಮಾಲೆಗೆ ಇದು ಒಳ್ಳೆಯ ರಕ್ಷೆ. ಆದರೆ ಸೋರ್ಸ್ ಮಾರ್ಗದಿಂದ ಇದು ಮುಖ್ಯ ಶೆಲ್ಲಿನಲ್ಲಿ ಅಂಟಿಕೊಂಡರೆ, ಮುಂದೆ ಒಂದಕ್ಷರ ತಪ್ಪಾಗಿ ಬರೆದರೂ ಶೆಲ್ ಮುಚ್ಚಿಹೋಗುತ್ತದೆ. ಕಾರಣವು ಬೆಳಿಗ್ಗೆ ನಡೆದಿರುತ್ತದೆ, ಕಾರ್ಯವು ಮಧ್ಯಾಹ್ನ ಪ್ರಕಟವಾಗುತ್ತದೆ. ನಡುವಿನ ಸಂಬಂಧ ಯಾರ ಕಣ್ಣಿಗೂ ಬೀಳುವುದಿಲ್ಲ. ‘ಒಮ್ಮೊಮ್ಮೆ ಹೋಗುತ್ತದೆ, ಒಮ್ಮೊಮ್ಮೆ ಹೋಗುವುದಿಲ್ಲ’ ಎಂಬ ದೂರು ಬಂದಾಗ ಇದನ್ನು ತಪ್ಪದೆ ಪರೀಕ್ಷಿಸಬೇಕು.

ಒಳಗೆ ಕಾಲಿಟ್ಟೊಡನೆ ಹೊರಬೀಳುವವರ ಸ್ಥಿತಿಯೂ ಬಹುಧಾ ಇದೇ ವರ್ಗಕ್ಕೆ ಸೇರುತ್ತದೆ. ಪ್ರವೇಶಕಾಲದಲ್ಲಿ ಓದಲ್ಪಡುವ ‘ಬ್ಯಾಶ್-ಆರ್‌ಸಿ’ ಮೊದಲಾದ ಕಡತಗಳಲ್ಲಿ ‘ಎಕ್ಸಿಟ್’ ಎಂಬ ಮಾತು ಸೇರಿಹೋಗಿದ್ದರೆ ಹೀಗಾಗುತ್ತದೆ. ‘ಪಾಸ್‌ವರ್ಡ್’ ಕಡತದ ಏಳನೆಯ ಅಂಕಣದಲ್ಲಿ ಶೆಲ್ಲಿಗೆ ಬದಲಾಗಿ ‘ನೋ-ಲಾಗಿನ್’ ಎಂದು ಬರೆದಿದ್ದರೂ ಹೀಗಾಗುತ್ತದೆ. ಆಗ ಈ ಖಾತೆ ಸದ್ಯಕ್ಕೆ ಲಭ್ಯವಿಲ್ಲವೆಂಬ ವಾಕ್ಯವೂ ಕಾಣುತ್ತದೆ. ಆದುದರಿಂದ ಈ ಕಡತಗಳನ್ನು ತಿದ್ದುವವರು, ಹೊಸ ಪ್ರವೇಶ ಸಫಲವಾಗುವುದನ್ನು ಇನ್ನೊಂದು ಪರದೆಯಲ್ಲಿ ನೋಡುವವರೆಗೂ, ತೆರೆದಿರುವ ಹಳೆಯ ಸೆಷನ್ನನ್ನು ಮುಚ್ಚಬಾರದು. ಬಾವಿಗಿಳಿದವನು ಮೇಲಿನ ಹಗ್ಗವನ್ನು ಬಿಡಬಾರದೆಂಬಷ್ಟೇ ಸರಳವಾದ ನಿಯಮವಿದು.

ಮೂರನೆಯ ಕಾರಣ: ನಡುದಾರಿ

ಮನೆಯ ರೌಟರಿನಿಂದ ಸರ್ವರಿನವರೆಗೆ ಸಾಗುವ ದಾರಿಯಲ್ಲಿ ಅನೇಕ ಸುಂಕದ ಕಟ್ಟೆಗಳುಂಟು. ಅವುಗಳಲ್ಲಿ ನ್ಯಾಟ್ ಎಂಬುದು, ಒಳಗಿನ ಹಲವು ಯಂತ್ರಗಳಿಗೆ ಹೊರಗಿನ ಒಂದೇ ವಿಳಾಸವನ್ನು ಹಂಚಿಕೊಡುತ್ತದೆ. ಯಾರ ಮಾತು ಯಾರಿಗೆ ಹೋಗಬೇಕೆಂಬುದಕ್ಕೆ ಅದು ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಬಹಳ ಹೊತ್ತು ಯಾವ ಮಾತೂ ಹಾಯದ ಸಂಪರ್ಕದ ಹೆಸರನ್ನು ಆ ಪಟ್ಟಿಯಿಂದ ಹೊಡೆದುಹಾಕುತ್ತದೆ. 2008ರ ಅಂತರಜಾಲ ಶಿಫಾರಸೊಂದು ಈ ಅವಧಿ 2 ಗಂಟೆ 4 ನಿಮಿಷಕ್ಕಿಂತ ಕಡಿಮೆಯಿರಬಾರದೆಂದು ಹೇಳಿದೆ. ಆದರೆ ಆಚರಣೆಯಲ್ಲಿ ಅವಧಿ ಬಹಳ ಕಡಿಮೆಯಿರುವ ಕಟ್ಟೆಗಳೇ ಹೇರಳ. ಅಮೆಜಾನ್ ಸಂಸ್ಥೆಯ ಮೇಘಸೇವೆಯಲ್ಲಿ ನ್ಯಾಟ್ ದ್ವಾರದ ಅವಧಿ 350 ಸೆಕೆಂಡು, ಎಂದರೆ ಆರು ನಿಮಿಷಕ್ಕೂ ಕಡಿಮೆ.

ಎರಡು ತುದಿಗಳವರಿಗೂ ಈ ವಿಷಯ ಕೂಡಲೇ ತಿಳಿಯುವುದಿಲ್ಲ. ಲಿನಕ್ಸ್ ತನ್ನ ಮೂಲ ಏರ್ಪಾಟಿನಲ್ಲಿ 7200 ಸೆಕೆಂಡು, ಎಂದರೆ ಎರಡು ಗಂಟೆ, ಮೌನವಾಗಿದ್ದ ಬಳಿಕವೇ ‘ಇದ್ದೀರಾ?’ ಎಂದು ಎದುರಿನವರನ್ನು ಕೇಳುತ್ತದೆ. ಅಷ್ಟರೊಳಗೆ ನಡುವಿನ ಕಟ್ಟೆ ಹೆಸರನ್ನು ಅಳಿಸಿ ಎಷ್ಟೋ ಹೊತ್ತಾಗಿರುತ್ತದೆ. ಮಾತಿಲ್ಲದೆ ದೀರ್ಘಕಾಲ ನಡೆಯುವ ಕಾರ್ಯಗಳು ಇದಕ್ಕೆ ಬಲಿಯಾಗುತ್ತವೆ. ಪರದೆಯ ಮೇಲೆ ಸಾಲುಗಳನ್ನು ಉಗುಳುತ್ತಲೇ ಇರುವ ಕಾರ್ಯಗಳು ಬದುಕುತ್ತವೆ.

ಪರಿಹಾರ ಸುಲಭ. ಸ್ವಂತ ಯಂತ್ರದ ಎಸ್‌ಎಸ್‌ಎಚ್ ಏರ್ಪಾಟಿನ ಕಡತದಲ್ಲಿ ‘ಸರ್ವರ್-ಅಲೈವ್-ಇಂಟರ್ವಲ್’ ಎಂಬುದಕ್ಕೆ 60 ಎಂದು ಬೆಲೆ ಕೊಟ್ಟರೆ, ಸರ್ವರ್ ಕಡೆಯಿಂದ ಒಂದು ನಿಮಿಷ ಯಾವ ಮಾತೂ ಬಾರದಿದ್ದಾಗ ಒಂದು ಪುಟ್ಟ ವಿಚಾರಣೆ ಹೋಗಿ ಉತ್ತರ ಬರುತ್ತದೆ. ಸಂಪರ್ಕ ಬಳಕೆಯಲ್ಲಿದೆಯೆಂದು ನಡುವಿನ ಕಟ್ಟೆಗೂ ತಿಳಿಯುತ್ತದೆ. ಮೂಲದಲ್ಲಿ ಈ ಬೆಲೆ ಸೊನ್ನೆಯಾಗಿರುವುದರಿಂದ ಯಾರೂ ಹೇಳದಿದ್ದರೆ ವಿಚಾರಣೆ ನಡೆಯುವುದಿಲ್ಲ. ಸರ್ವರಿನ ಕಡೆ ಇದೇ ಕೆಲಸಕ್ಕೆ ‘ಕ್ಲಯಂಟ್-ಅಲೈವ್-ಇಂಟರ್ವಲ್’ ಎಂಬುದಿದೆ. ಇದು ಸೋಮಾರಿಯಾಗಿ ಕುಳಿತವರನ್ನು ಹೊರಹಾಕುವ ಸಾಧನವೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಬಳಕೆದಾರರು ಸುಮ್ಮನಿದ್ದರೂ ಅವರ ಯಂತ್ರವೇ ಉತ್ತರ ಕೊಡುವುದರಿಂದ ಸಂಪರ್ಕ ಉಳಿಯುತ್ತದೆ. ಉತ್ತರವೇ ಬಾರದ ಮೃತ ಸಂಪರ್ಕ ಮಾತ್ರ ತೊಡೆದುಹೋಗುತ್ತದೆ.

ನಾಲ್ಕನೆಯ ಕಾರಣ: ಆಳುವ ವ್ಯವಸ್ಥೆ

ಸ್ಮೃತಿಯೆಲ್ಲ ತುಂಬಿ ಉಸಿರುಕಟ್ಟಿದಾಗ ಲಿನಕ್ಸ್ ಕರ್ನೆಲ್ ಯಾವುದಾದರೊಂದು ಪ್ರಕ್ರಿಯೆಯನ್ನು ಆರಿಸಿ ಕೊನೆಗಾಣಿಸುತ್ತದೆ. ಸಾಮಾನ್ಯವಾಗಿ ಹೆಚ್ಚು ಸ್ಮೃತಿಯನ್ನು ನುಂಗಿದುದೇ ಅದಕ್ಕೆ ಆಹುತಿ. ದಾಖಲೆಗಳ ಸಾಗಣೆಯಂತಹ ಭಾರವಾದ ಕೆಲಸ ಆ ಸ್ಥಿತಿಯನ್ನು ತಂದೊಡ್ಡಬಲ್ಲದು. ಆಗ ಕರ್ನೆಲಿನ ದಿನಚರಿಯಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಉಳಿದಿರುತ್ತದೆ. ‘ಜರ್ನಲ್-ಸಿಟಿಎಲ್’ ಆಜ್ಞೆಯಿಂದ ಅದನ್ನು ಓದಬಹುದು. ಸರ್ವರ್ ಪುನರಾರಂಭವಾಗಿದ್ದರೆ ಅಥವಾ ಇನ್ನೊಬ್ಬ ಆಡಳಿತಗಾರರು ಸೆಷನ್ನನ್ನು ಮುಗಿಸಿದ್ದರೆ ಅದೂ ದಾಖಲಾಗಿರುತ್ತದೆ. ಡೆಬಿಯನ್ ಪರಂಪರೆಯ ಸರ್ವರುಗಳಲ್ಲಿ ‘ಆಥ್-ಲಾಗ್’, ರೆಡ್‌ಹ್ಯಾಟ್ ಪರಂಪರೆಯವುಗಳಲ್ಲಿ ‘ಸೆಕ್ಯೂರ್’ ಎಂಬ ಕಡತಗಳಲ್ಲಿ ಪ್ರವೇಶ-ನಿರ್ಗಮನಗಳ ವಿವರವನ್ನು ನೋಡಬೇಕು.

ಅನ್ವಯ-ವ್ಯತಿರೇಕ ಪರೀಕ್ಷೆ

ನಮ್ಮ ತರ್ಕಶಾಸ್ತ್ರಜ್ಞರು ಕಾರ್ಯಕಾರಣಭಾವವನ್ನು ನಿಶ್ಚಯಿಸಲು ಅನ್ವಯ-ವ್ಯತಿರೇಕಗಳೆಂಬ ಎರಡು ಸಾಧನಗಳನ್ನು ಹೇಳಿದ್ದಾರೆ. ಇದು ಇದ್ದರೆ ಅದು ಇರುವುದು ಅನ್ವಯ; ಇದು ಇಲ್ಲದಿದ್ದರೆ ಅದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಲ್ಲಿ ಕಾರಣವು ಸಿದ್ಧಿಸುತ್ತದೆ. ಈ ವಿಧಾನ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಮೊದಲು ಗಡಿಯಾರ ಹಿಡಿದು, ಏನೂ ಮಾಡದೆ ಕುಳಿತು, ನಿರ್ಗಮನದ ಸಮಯವನ್ನು ಮೂರು ಬಾರಿ ಅಳೆಯಬೇಕು. ಮೂರು ಸಲವೂ ಒಂದೇ ಸಂಖ್ಯೆ ಬಂದರೆ ಯಾವುದೋ ಕಾಲಮಿತಿ ಇದೆ. ಬೇರೆಬೇರೆ ಬಂದರೆ ಬೇರೆ ಕಾರಣವಿದೆ. ಅನಂತರ ನಿಮಿಷಕ್ಕೊಂದು ಸಾಲನ್ನು ಮುದ್ರಿಸುವ ಕಾರ್ಯವೊಂದನ್ನು ನಡೆಸಬೇಕು. ಆಗ ಸಂಪರ್ಕ ಉಳಿದರೆ ಟಿ-ಎಂ-ಔಟ್ ಮತ್ತು ನಡುದಾರಿ ಇವೆರಡೇ ಸಂದೇಹಕ್ಕೆ ಉಳಿಯುತ್ತವೆ. ಬಳಿಕ ಏನನ್ನೂ ಮುದ್ರಿಸದೆ ನಿದ್ರಿಸುವ ‘ಸ್ಲೀಪ್’ ಆಜ್ಞೆಯನ್ನು ಅಳೆದ ಅವಧಿಗಿಂತ ದೀರ್ಘವಾಗಿ ನಡೆಸಬೇಕು. ಆಗಲೂ ಸಂಪರ್ಕ ಕಡಿದರೆ ದೋಷ ದಾರಿಯದು; ಆಜ್ಞೆ ಮುಗಿಯುವವರೆಗೆ ಉಳಿದರೆ ದೋಷ ಟಿ-ಎಂ-ಔಟಿನದು. ಹಾಗೆಯೇ ಬೇರೆ ಜಾಲದಿಂದ, ಬೇರೆ ಖಾತೆಯಿಂದ ಪ್ರಯತ್ನಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಮುಖ್ಯ. ಮೂರನ್ನು ಒಟ್ಟಿಗೆ ಬದಲಿಸಿ ತೊಂದರೆ ನಿಂತರೂ, ನಿಂತುದು ಯಾವುದರಿಂದ ಎಂಬುದು ತಿಳಿಯುವುದಿಲ್ಲ. ತಿಳಿಯದ ರೋಗ ಮರಳಿ ಬರುತ್ತದೆ.

ಕೆಲಸದ ರಕ್ಷಣೆ

ಕಾರಣ ಸಿಕ್ಕುವವರೆಗೂ ಕೆಲಸ ನಿಲ್ಲುವಂತಿಲ್ಲ. ಸಂಪರ್ಕ ಕಡಿದಾಗ ಶೆಲ್ಲಿಗೆ ‘ಹ್ಯಾಂಗಪ್’ ಎಂಬ ಸಂಕೇತ ತಲುಪುತ್ತದೆ. ದೂರವಾಣಿಯ ಮೂಲಕ ಗಣಕಯಂತ್ರವನ್ನು ಬಳಸುತ್ತಿದ್ದ ಕಾಲದಲ್ಲಿ, ಎದುರಿನವರು ಫೋನನ್ನು ಕೆಳಗಿಟ್ಟರು ಎಂಬ ಅರ್ಥದಲ್ಲಿ ಬಂದ ಹೆಸರಿದು. ಶೆಲ್ ಅದನ್ನು ತನ್ನ ಅಡಿಯಲ್ಲಿರುವ ಕಾರ್ಯಗಳಿಗೂ ತಲುಪಿಸುತ್ತದೆ, ಅವು ನಿಂತುಹೋಗುತ್ತವೆ. ‘ನೋಹಪ್’ ಎಂಬ ಪದವನ್ನು ಮುಂದಿಟ್ಟು ನಡೆಸಿದ ಕಾರ್ಯವು ಈ ಸಂಕೇತವನ್ನು ಲೆಕ್ಕಿಸುವುದಿಲ್ಲ. ಇದಕ್ಕಿಂತ ಉತ್ತಮವಾದುದು 1987ರಿಂದ ಬಳಕೆಯಲ್ಲಿರುವ ‘ಸ್ಕ್ರೀನ್’ ಅಥವಾ 2007ರಲ್ಲಿ ಬಂದ ‘ಟಿ-ಮಕ್ಸ್’. ಇವು ಸರ್ವರಿನಲ್ಲಿಯೇ ಒಂದು ಪರದೆಯನ್ನು ಕಟ್ಟಿಟ್ಟು, ಸಂಪರ್ಕ ಹೋದರೂ ಕೆಲಸವನ್ನು ಮುಂದುವರಿಸಿ, ಹಿಂತಿರುಗಿದವರಿಗೆ ಬಿಟ್ಟ ಸ್ಥಳವನ್ನೇ ತೋರಿಸುತ್ತವೆ. ಆದರೆ ಒಂದು ಎಚ್ಚರಿಕೆ ಬೇಕು. ಸಿಸ್ಟಮ್-ಡಿ ವ್ಯವಸ್ಥೆಯಲ್ಲಿ ‘ಕಿಲ್-ಯೂಸರ್-ಪ್ರೊಸೆಸಸ್’ ಎಂಬುದು ಜಾರಿಯಲ್ಲಿದ್ದರೆ, ಬಳಕೆದಾರರು ಹೊರಹೋದೊಡನೆ ಇವೂ ಅಳಿಸಿಹೋಗುತ್ತವೆ. ಅದು ಜಾರಿಯಲ್ಲಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಕೊನೆಯದಾಗಿ ಒಂದು ವಿವೇಕದ ಮಾತು. ಕಾಲಮಿತಿಯೇ ಕಾರಣವೆಂದು ಗೊತ್ತಾದಾಗ ಅದನ್ನು ಕಿತ್ತೊಗೆಯುವ ಆಸೆ ಸಹಜ. ಆದರೆ ಅದನ್ನು ಇಟ್ಟವರು ವೃಥಾ ಇಟ್ಟಿರುವುದಿಲ್ಲ. ಬ್ಯಾಂಕಿನ ಕಾರ್ಡುಗಳ ವಿವರವನ್ನು ನಿರ್ವಹಿಸುವ ಸಂಸ್ಥೆಗಳಿಗೆ ವಿಧಿಸಿರುವ ಅಂತರರಾಷ್ಟ್ರೀಯ ಭದ್ರತಾ ನಿಯಮವು, 15 ನಿಮಿಷಕ್ಕಿಂತ ಹೆಚ್ಚು ಸುಮ್ಮನಿದ್ದವರು ಪುನಃ ತಮ್ಮ ಗುರುತನ್ನು ತೋರಿಸಬೇಕೆನ್ನುತ್ತದೆ. ಆಡಳಿತಗಾರರ ಅಧಿಕಾರವಿರುವ ಶೆಲ್ಲನ್ನು ತೆರೆದಿಟ್ಟು ಎದ್ದುಹೋಗುವುದೆಂದರೆ ದತ್ತಿನಿಧಿಯ ಪೆಟ್ಟಿಗೆಯನ್ನು ತೆರೆದಿಟ್ಟು ಎದ್ದುಹೋದಂತೆಯೇ ಸರಿ. ಕಾಲಮಿತಿ ಇರಲಿ, ದೀರ್ಘವಾದ ಕೆಲಸ ಟಿ-ಮಕ್ಸಿನ ಆಶ್ರಯದಲ್ಲಿ ನಡೆಯಲಿ. ಆಗ ಭದ್ರತೆಗೂ ಕೆಲಸಕ್ಕೂ ವಿರೋಧ ಬರುವುದಿಲ್ಲ.

ಕಾಯಕದಲ್ಲಿ ನಿರತರಾದವರು ತಮ್ಮ ಕೈಯ ಸಲಕರಣೆಯ ಗುಣದೋಷಗಳನ್ನು ಬಲ್ಲವರಾಗಿರಬೇಕೆಂಬುದು ಶರಣ ಪರಂಪರೆಯ ಆಶಯ. ಮಗ್ಗದ ನೂಲು ಹರಿದಾಗ ನೇಕಾರನು ವಿಧಿಯನ್ನು ಹಳಿಯುವುದಿಲ್ಲ. ಎಲ್ಲಿ ಹರಿಯಿತೆಂದು ನೋಡಿ ಗಂಟು ಹಾಕಿ ನೇಯ್ಗೆಯನ್ನು ಮುಂದುವರಿಸುತ್ತಾನೆ. ಅನೇಕರ ಬಾಳಿನ ದಾಖಲೆಗಳನ್ನು ಯಂತ್ರದಲ್ಲಿ ಕಾಯುವ ಹೊಣೆ ಹೊತ್ತ ಇಂದಿನ ತರುಣರಿಗೂ ಅದೇ ತಾಳ್ಮೆ, ಅದೇ ಪರೀಕ್ಷಕ ದೃಷ್ಟಿ ಬೇಕು. ಇಂತಹ ವಿದ್ಯಾಲಯಗಳ ಅಂಗಳದಿಂದ ಹೊರಟವರಲ್ಲಿ ಅವು ಬೆಳೆದು ಬರಲಿ, ಅವರ ಕಾಯಕವು ಲೋಕಕ್ಕೆ ದಾಸೋಹವಾಗಿ ಸಲ್ಲಲಿ.